ನಿಮಗಿದು ಗೊತ್ತೇ? ಎಐ ಕಲಿಯಲಿ, ನಿಮ್ಮ ಗುಟ್ಟು ನಿಮ್ಮಲ್ಲೇ ಇರಲಿ

ಆಸ್ಪತ್ರೆಯ ಕಡತ, ಬ್ಯಾಂಕಿನ ವಹಿವಾಟು, ಫೋನಿನಲ್ಲಿ ಟೈಪ್ ಮಾಡಿದ ಮಾತು: ಎಐ ಮಾಡೆಲುಗಳಿಗೆ ಬೇಕಾಗಿರುವುದು ಇಂಥ ಡೇಟಾ. ಕ್ಯಾನ್ಸರನ್ನು ಮೊದಲ ಹಂತದಲ್ಲೇ ಗುರುತಿಸುವ ಮಾಡೆಲು ಬೇಕಿದ್ದರೆ ಕ್ಯಾನ್ಸರ್ ಬಂದವರ ಸ್ಕ್ಯಾನುಗಳನ್ನೇ ಅದಕ್ಕೆ ತೋರಿಸಬೇಕು. ಹಾಗೆ ತೋರಿಸುವಾಗ ರೋಗಿಯ ಗುಟ್ಟು ಬಯಲಾಗದಂತೆ ನೋಡಿಕೊಳ್ಳುವ ವಿದ್ಯೆಯೊಂದು ಸದ್ದಿಲ್ಲದೆ ಬೆಳೆದು ನಿಂತಿದೆ. ಅದರ ಒಂದಿಷ್ಟು ಸಂಗತಿಗಳು ಇಲ್ಲಿವೆ. ‘ಹೆಸರು ತೆಗೆದಿದ್ದೇವೆ, ಚಿಂತೆ ಬೇಡ’ ಎಂದು ಯಾರಾದರೂ ಹೇಳಿದಾಗ ನಂಬುವ ಮುಂಚೆ, ಮೊದಲ ನಾಲ್ಕೈದನ್ನಾದರೂ ಓದಿಕೊಳ್ಳಿ.

● 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರಿಗೆ ಕೊಟ್ಟಿತು. ಹೆಸರು, ಮನೆ ವಿಳಾಸ ಎಲ್ಲವನ್ನೂ ಅಳಿಸಲಾಗಿತ್ತು. ಉಳಿದಿದ್ದವು ಹುಟ್ಟಿದ ದಿನಾಂಕ, ಲಿಂಗ, ಜಿಪ್‌ಕೋಡ್ (ಅಲ್ಲಿನ ಪಿನ್‌ಕೋಡ್) ಮತ್ತು ಕಾಯಿಲೆಯ ವಿವರ. ಆಗ ಎಂಐಟಿಯಲ್ಲಿ ಓದುತ್ತಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ಮನೆ ಇದ್ದದ್ದು ಅದೇ ಊರಿನಲ್ಲಿ. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ 6 ಮಂದಿ. ಅವರಲ್ಲಿ ಗಂಡಸರು 3. ಆ ಮೂವರಲ್ಲಿ ಗವರ್ನರರ ಜಿಪ್‌ಕೋಡಿನಲ್ಲಿದ್ದವರು ಒಬ್ಬರೇ. ಗವರ್ನರರ ಆಸ್ಪತ್ರೆ ದಾಖಲೆ ಯಾವುದೆಂದು ಗೊತ್ತಾಗಿಹೋಯಿತು. ಯಾವ ಬೀಗವನ್ನೂ ಒಡೆಯಬೇಕಾಗಲಿಲ್ಲ, ಯಾವ ಕಂಪ್ಯೂಟರಿಗೂ ಕನ್ನ ಹಾಕಬೇಕಾಗಲಿಲ್ಲ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇ ಸಾಕಾಯಿತು.

● ಹುಟ್ಟಿದ ದಿನಾಂಕ, ಲಿಂಗ, ಜಿಪ್‌ಕೋಡ್ ಈ ಮೂರೇ ಸಾಕು, ಅಮೆರಿಕದ ಶೇ 87ರಷ್ಟು ಜನರನ್ನು ಬಿಡಿಬಿಡಿಯಾಗಿ ಗುರುತಿಸಬಹುದು ಎಂದು ಸ್ವೀನಿ 2000ದಲ್ಲಿ ಲೆಕ್ಕ ಹಾಕಿದರು. ನಮ್ಮಲ್ಲಿ ಹೇಗೆ? ದೇಶದಲ್ಲಿರುವ ಪಿನ್‌ಕೋಡುಗಳು 19 ಸಾವಿರದಷ್ಟು. 140 ಕೋಟಿ ಜನರನ್ನು ಅವುಗಳಿಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ 70 ಸಾವಿರ ಚಿಲ್ಲರೆ ಮಂದಿ. ಗಂಡು, ಹೆಣ್ಣು ಬೇರೆ ಮಾಡಿದರೆ ಸುಮಾರು 35 ಸಾವಿರ. 70 ವರ್ಷಗಳಲ್ಲಿ ಬರುವ ದಿನಾಂಕಗಳೇ 25 ಸಾವಿರಕ್ಕೂ ಹೆಚ್ಚು. ಅಂದರೆ ಒಂದು ದಿನಾಂಕಕ್ಕೆ ಸಿಗುವವರು ಒಬ್ಬರೋ ಇಬ್ಬರೋ. ಸರಾಸರಿಗಿಂತ ಕಡಿಮೆ ಜನರಿರುವ ಮಲೆನಾಡಿನ ಪಿನ್‌ಕೋಡುಗಳಲ್ಲಿ ಒಬ್ಬರೇ ಸಿಗುವುದು ಇನ್ನೂ ಸುಲಭ.

● ಈ ಲೆಕ್ಕಕ್ಕೆ ನಮ್ಮ ಕಡೆ ಒಂದು ಅಪವಾದ ಉಂಟು. ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದರೆ, ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುವ ರೂಢಿ ಹಿಂದೆ ಇತ್ತು. ಅಂಥ ಹಿರಿಯರ ಸಾಲು ದಾಖಲೆಯಲ್ಲಿ ಹತ್ತಾರು ಜನರ ನಡುವೆ ಬೆರೆತುಹೋಗುತ್ತದೆ. ಬೇಕೆಂದೇ ಹೀಗೆ ಬೆರೆಸುವುದನ್ನು ಪಿಯೆರಾಂಜೆಲಾ ಸಮರಾಟಿ ಮತ್ತು ಸ್ವೀನಿ 1998ರಲ್ಲಿ ‘ಕೆ-ಅನಾನಿಮಿಟಿ’ ಎಂಬ ಸೂತ್ರವಾಗಿ ಮಂಡಿಸಿದರು. ಯಾವ ಸಾಲು ತೆಗೆದುಕೊಂಡರೂ ಅದರಂತೆಯೇ ಕಾಣುವ ಇನ್ನಷ್ಟು ಸಾಲುಗಳು ಇರಬೇಕು ಎನ್ನುವುದು ಅದರ ಸಾರ. ಆದರೆ ಹಾಗೆ ಬೆರೆತ ಹತ್ತು ಮಂದಿಗೂ ಒಂದೇ ಕಾಯಿಲೆ ಇದ್ದರೆ? ಯಾರು ಯಾವ ಸಾಲು ಎಂದು ತಿಳಿಯದಿದ್ದರೂ ಕಾಯಿಲೆ ಯಾವುದೆಂದು ತಿಳಿಯುತ್ತದೆ. ಈ ಕೊರತೆಯನ್ನು 2006ರಲ್ಲಿ ಎತ್ತಿ ತೋರಿಸಿದ್ದು ಕಾರ್ನೆಲ್ ವಿಶ್ವವಿದ್ಯಾಲಯದ ತಂಡ.

● ಸಿನಿಮಾಗೆ ಕೊಟ್ಟ ಸ್ಟಾರುಗಳಿಂದಲೂ ಗುರುತು ಹಿಡಿಯಬಹುದು ಎಂದು ಗೊತ್ತೇ? 2006ರಲ್ಲಿ ನೆಟ್‌ಫ್ಲಿಕ್ಸ್ ಕಂಪನಿ 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆ ಏರ್ಪಡಿಸಿ, ಸುಮಾರು 4.8 ಲಕ್ಷ ಗ್ರಾಹಕರು ಕೊಟ್ಟ 10 ಕೋಟಿ ರೇಟಿಂಗುಗಳನ್ನು ಹೆಸರು ತೆಗೆದು ಎಲ್ಲರ ಕೈಗೆ ಕೊಟ್ಟಿತು. ಟೆಕ್ಸಸ್ ವಿಶ್ವವಿದ್ಯಾಲಯದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ ಅದನ್ನು ಹಿಡಿದು ಕೂತರು. ಒಬ್ಬರು 8 ಸಿನಿಮಾಗಳಿಗೆ ಯಾವಾಗ, ಎಷ್ಟು ರೇಟಿಂಗ್ ಕೊಟ್ಟರು ಎಂದು ಗೊತ್ತಿದ್ದರೆ, ಅವುಗಳಲ್ಲಿ 2 ತಪ್ಪಾಗಿದ್ದರೂ, ತಾರೀಖು 14 ದಿನ ಆಚೀಚೆಯಾಗಿದ್ದರೂ, ಶೇ 99 ಸಂದರ್ಭಗಳಲ್ಲಿ ಆ ವ್ಯಕ್ತಿಯ ಪೂರ್ತಿ ಸಾಲು ಸಿಗುತ್ತದೆ ಎಂದು ತೋರಿಸಿದರು. ಸಿನಿಮಾ ಪಟ್ಟಿ ತಾನೇ, ಏನು ಮಹಾ ಎನ್ನಬೇಡಿ. ರಾಜಕೀಯ ಒಲವು, ಧಾರ್ಮಿಕ ನಂಬಿಕೆ, ಯಾರಿಗೂ ಹೇಳದ ಲೈಂಗಿಕ ಒಲವು ಎಲ್ಲವೂ ಆ ಪಟ್ಟಿಯಿಂದ ಊಹೆಗೆ ಸಿಗುತ್ತವೆ. ಎರಡನೇ ಸ್ಪರ್ಧೆಯನ್ನು ಕಂಪನಿ 2010ರಲ್ಲಿ ಕೈಬಿಟ್ಟಿತು.

● ಅದೇ 2006ರಲ್ಲಿ ಎಒಎಲ್ ಕಂಪನಿ ಸುಮಾರು 6.5 ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು, ಹೆಸರಿನ ಜಾಗದಲ್ಲಿ ನಂಬರು ಹಾಕಿ, ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಬ್ಬ ವಯಸ್ಸಾದ ಮಹಿಳೆಯ ಮನೆ ಬಾಗಿಲು ತಟ್ಟಿದರು. ಆಕೆ ಹುಡುಕಿದ ಮಾತುಗಳೇ ಆಕೆಯ ಮನೆಗೆ ದಾರಿ ತೋರಿಸಿದ್ದವು.

● ನಂಬರನ್ನು ಹ್ಯಾಶ್ ಮಾಡಿದರೆ, ಅಂದರೆ ಸೂತ್ರವೊಂದರಿಂದ ಅರ್ಥವಾಗದ ಅಕ್ಷರಗಳ ಸಾಲಾಗಿ ಬದಲಿಸಿದರೆ, ಸುರಕ್ಷಿತ ಎಂಬ ನಂಬಿಕೆ ಐಟಿ ಕಚೇರಿಗಳಲ್ಲಿ ಈಗಲೂ ಇದೆ. 2014ರಲ್ಲಿ ನ್ಯೂಯಾರ್ಕಿನ 17 ಕೋಟಿಗೂ ಹೆಚ್ಚು ಟ್ಯಾಕ್ಸಿ ಪ್ರಯಾಣಗಳ ಮಾಹಿತಿ ಹೊರಬಂದಾಗ ಟ್ಯಾಕ್ಸಿ ನಂಬರುಗಳಿಗೆ ಹೀಗೇ ಹ್ಯಾಶ್ ಹಾಕಲಾಗಿತ್ತು. ಸಾಧ್ಯವಿರುವ ಎಲ್ಲ ನಂಬರುಗಳಿಗೂ ಹ್ಯಾಶ್ ಲೆಕ್ಕ ಹಾಕಿ ಹೊಂದಿಸಿ ನೋಡಿದ ಒಬ್ಬ ಎಂಜಿನಿಯರ್ ಎರಡೇ ಗಂಟೆಯೊಳಗೆ ಅಷ್ಟೂ ನಂಬರುಗಳನ್ನು ಬಿಡಿಸಿಟ್ಟರು. ನಮ್ಮ ಮೊಬೈಲ್ ನಂಬರುಗಳ ಕಥೆಯೂ ಇದೇ. 6, 7, 8 ಅಥವಾ 9ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಮನುಷ್ಯರಿಗೆ ದೊಡ್ಡ ಸಂಖ್ಯೆ, ಕಂಪ್ಯೂಟರಿಗೆ ಅಲ್ಲ.

● ನೀವು ಎಲ್ಲೆಲ್ಲಿ, ಎಷ್ಟು ಹೊತ್ತಿಗೆ ಇದ್ದಿರಿ ಎಂಬ ನಾಲ್ಕು ಗುರುತುಗಳು ಸಿಕ್ಕರೆ ಸಾಕು, ಲಕ್ಷಾಂತರ ಜನರ ಮೊಬೈಲ್ ದಾಖಲೆಯಲ್ಲಿ ನಿಮ್ಮನ್ನು ಹುಡುಕಬಹುದು. 15 ಲಕ್ಷ ಜನರ 15 ತಿಂಗಳ ದಾಖಲೆ ಇಟ್ಟುಕೊಂಡು ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 95ರಷ್ಟು ಜನ ಹೀಗೆ ಬೇರೆಯಾಗಿ ಕಂಡರು.

● ಬಿಡಿ ಸಾಲುಗಳನ್ನು ಕೊಡದೆ ಬರೀ ಒಟ್ಟು ಲೆಕ್ಕ ಕೊಟ್ಟರೆ? ಅದೂ ಸೋರುತ್ತದೆ. ಒಬ್ಬರ ವಂಶವಾಹಿ ಮಾಹಿತಿ ಕೈಯಲ್ಲಿದ್ದರೆ, ಅಧ್ಯಯನವೊಂದರ ಒಟ್ಟು ಅಂಕಿಅಂಶ ನೋಡಿಯೇ ಆ ವ್ಯಕ್ತಿ ಅದರಲ್ಲಿ ಭಾಗಿಯಾಗಿದ್ದರೇ ಎಂದು ಹೇಳಬಹುದು ಎಂಬುದು 2008ರಲ್ಲಿ ಗೊತ್ತಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅಂಥ ಅಂಕಿಅಂಶಗಳನ್ನು ಸಾರ್ವಜನಿಕ ಜಾಲತಾಣದಿಂದ ಕೂಡಲೇ ತೆಗೆದುಹಾಕಿತು.

ಮಾಡೆಲಿನ ನೆನಪು

● ತರಬೇತಿ ಮುಗಿದ ಮೇಲೆ ಮಾಡೆಲಿನೊಳಗೆ ಉಳಿಯುವುದು ಬರೀ ಅಂಕಿಗಳು, ಅಲ್ಲಿ ಯಾರ ದಾಖಲೆಯೂ ಇರುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ನಿಕೊಲಸ್ ಕಾರ್ಲಿನಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ ಬಗೆ ಸೊಗಸಾಗಿದೆ. ತರಬೇತಿಯ ಪಠ್ಯದ ರಾಶಿಯಲ್ಲಿ ತಾವೇ ಹೊಸೆದ ಒಂದು ಗುಟ್ಟಿನ ಸಂಖ್ಯೆಯನ್ನು ಸೇರಿಸಿ, ತರಬೇತಿ ಮುಗಿದ ಮೇಲೆ ಮಾಡೆಲಿನಿಂದ ಅದನ್ನು ಹೊರಗೆಳೆಯಲಾಗುತ್ತದೆಯೇ ಎಂದು ನೋಡಿದರು. ಬಂತು! ಇಂಥ ಬೇಕೆಂದೇ ಇಟ್ಟ ಗುಟ್ಟುಗಳಿಗೆ ‘ಕ್ಯಾನರಿ’ ಎಂಬ ಹೆಸರಿದೆ. ಈಗ ಮಾಡೆಲು ಎಷ್ಟು ಬಾಯಿಪಾಠ ಮಾಡಿದೆ ಎಂದು ಅಳೆಯಲು ಕಂಪನಿಗಳೂ ಈ ಕ್ರಮವನ್ನು ಬಳಸುತ್ತವೆ.

● ಅದೇ ಸಂಶೋಧಕರ ಬಳಗ ಮುಂದೆ ಜಿಪಿಟಿ-2 ಮಾಡೆಲಿನಿಂದ, ತರಬೇತಿಯಲ್ಲಿ ಓದಿದ್ದ ಪಠ್ಯದ 600ಕ್ಕೂ ಹೆಚ್ಚು ತುಣುಕುಗಳನ್ನು ಅಕ್ಷರಕ್ಕೆ ಅಕ್ಷರ ಹೊರತೆಗೆಯಿತು. ಅವುಗಳಲ್ಲಿ ನಿಜವಾದ ವ್ಯಕ್ತಿಗಳ ಹೆಸರು, ಫೋನ್ ನಂಬರು, ವಿಳಾಸಗಳೂ ಇದ್ದವು. 2023ರಲ್ಲಿ ಚಾಟ್‌ಜಿಪಿಟಿಗೆ ಒಂದೇ ಪದವನ್ನು ಕೊನೆಯಿಲ್ಲದೆ ಹೇಳುತ್ತಿರು ಎಂದು ಆಜ್ಞೆ ಕೊಟ್ಟಾಗ ಅದು ಸ್ವಲ್ಪ ಹೊತ್ತಿನಲ್ಲಿ ದಾರಿ ತಪ್ಪಿ, ತರಬೇತಿಯಲ್ಲಿ ಓದಿದ್ದನ್ನು ಒದರತೊಡಗಿತು. ಆ ದಾರಿಯನ್ನು ಆಮೇಲೆ ಮುಚ್ಚಲಾಗಿದೆ. ಚಿತ್ರ ಬರೆಯುವ ಮಾಡೆಲುಗಳೂ ಹೊರತಲ್ಲ; ತರಬೇತಿಯಲ್ಲಿ ಕಂಡ ಕೆಲವು ಫೋಟೊಗಳನ್ನು ಅವು ಇದ್ದಂತೆಯೇ ಮತ್ತೆ ಬಿಡಿಸಿವೆ.

● ಒಂದೇ ಪಠ್ಯ ತರಬೇತಿಯ ರಾಶಿಯಲ್ಲಿ ಮತ್ತೆ ಮತ್ತೆ ಬಂದಿದ್ದರೆ ಮಾಡೆಲು ಅದನ್ನು ಬಾಯಿಪಾಠ ಮಾಡುವ ಸಂಭವ ತುಂಬ ಹೆಚ್ಚು. ನಕಲುಗಳನ್ನು ಮೊದಲೇ ತೆಗೆದರೆ ಬಾಯಿಪಾಠ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು 2021ರ ಅಧ್ಯಯನ ಹೇಳಿತು. ಖರ್ಚಿಲ್ಲದ ಮದ್ದು, ಎಲ್ಲರೂ ಮಾಡಲೇಬೇಕಾದದ್ದು. ಆದರೆ ಒಮ್ಮೆ ಮಾತ್ರ ಬಂದ ನಿಮ್ಮ ರಿಪೋರ್ಟಿಗೆ ಇದು ಖಾತರಿ ಕೊಡುವುದಿಲ್ಲ.

● ಒಂದಕ್ಷರವೂ ಹೊರಬರದಿದ್ದರೂ ಗುಟ್ಟು ಹೋಗಬಹುದು. ಮಾಡೆಲುಗಳು ಮೊದಲೇ ನೋಡಿದ ದಾಖಲೆಯ ಬಗ್ಗೆ ಹೆಚ್ಚು ವಿಶ್ವಾಸದಿಂದ ಉತ್ತರಿಸುತ್ತವೆ, ಹೊಸತರ ಬಗ್ಗೆ ಕೊಂಚ ತಡವರಿಸುತ್ತವೆ. ಆ ವ್ಯತ್ಯಾಸವನ್ನು ಅಳೆದು ‘ಈ ವ್ಯಕ್ತಿಯ ದಾಖಲೆ ತರಬೇತಿಯಲ್ಲಿತ್ತು’ ಎಂದು ಹೇಳುವುದನ್ನು ರೆಜಾ ಶೋಕ್ರಿ ಮತ್ತು ಜೊತೆಗಾರರು 2017ರಲ್ಲಿ ಮಾಡಿ ತೋರಿಸಿದರು. ಎಚ್‌ಐವಿ ಚಿಕಿತ್ಸೆ ಪಡೆಯುತ್ತಿರುವವರ ದಾಖಲೆಯಿಂದಲೇ ಮಾಡೆಲು ತಯಾರಾಗಿದ್ದರೆ, ‘ಇತ್ತು’ ಎಂಬ ಒಂದು ಮಾತೇ ಒಬ್ಬರ ಬದುಕನ್ನು ಬೀದಿಗೆ ತರಬಲ್ಲದು.

ಲೆಕ್ಕದಲ್ಲೇ ಇರುವ ಕಾವಲು

● ಈ ಎಲ್ಲಕ್ಕೂ ಮದ್ದಿನ ಮೊದಲ ಎಳೆ ಇರುವುದು 1965ರಷ್ಟು ಹಿಂದೆ. ಸ್ಟ್ಯಾನ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞ, ಜನ ಹೇಳಲು ಹಿಂಜರಿಯುವ ಪ್ರಶ್ನೆಗಳನ್ನು ಕೇಳುವ ಒಂದು ದಾರಿ ಕಂಡುಕೊಂಡರು. ಅದರ ಸರಳ ರೂಪ ಹೀಗೆ. ಒಂದು ಕಾಲೇಜಿನ 1000 ವಿದ್ಯಾರ್ಥಿಗಳನ್ನು ‘ಪರೀಕ್ಷೆಯಲ್ಲಿ ಕಾಪಿ ಹೊಡೆದಿದ್ದೀಯಾ?’ ಎಂದು ಕೇಳಬೇಕಿದೆ ಎನ್ನಿ. ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ನಿಜ ಹೇಳಬೇಕು. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ತಲೆಯಾದರೆ ‘ಹೌದು’, ಬಾಲವಾದರೆ ‘ಇಲ್ಲ’ ಎಂದು ಸುಮ್ಮನೆ ಹೇಳಬೇಕು.

ಈಗ ಒಬ್ಬ ಹುಡುಗ ‘ಹೌದು’ ಎಂದರೆ ಅವನನ್ನು ಪ್ರಿನ್ಸಿಪಾಲರು ಏನೂ ಮಾಡಲಾಗದು. ನಾಣ್ಯ ಹೇಳಿಸಿತು ಎನ್ನುತ್ತಾನೆ, ಅದು ನಿಜವೂ ಇರಬಹುದು. ಆದರೂ ಒಟ್ಟು ಲೆಕ್ಕ ಸಿಗುತ್ತದೆ. 350 ‘ಹೌದು’ ಬಂದವು ಎನ್ನೋಣ. ನಾಣ್ಯವೇ ಹೇಳಿಸಿದ ‘ಹೌದು’ಗಳು ಸುಮಾರು 250. ಉಳಿದ 100, ನಿಜ ಹೇಳಿದ 500 ಮಂದಿಯಿಂದ ಬಂದವು. ಹಾಗಾದರೆ ಕಾಪಿ ಹೊಡೆದವರು ಶೇ 20ರಷ್ಟು. ಕಾಲೇಜಿನ ಬಗ್ಗೆ ಸತ್ಯ ತಿಳಿಯಿತು. ಆ ಹುಡುಗನ ಬಗ್ಗೆ ಖಚಿತವಾಗಿ ಏನೂ ತಿಳಿಯಲಿಲ್ಲ. ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಲೆಕ್ಕ ಇನ್ನೊಂದಿಲ್ಲ.

● ಆ ನಾಣ್ಯದಾಟಕ್ಕೆ ಗಟ್ಟಿ ಗಣಿತದ ತಳಹದಿ ಸಿಕ್ಕಿದ್ದು 2006ರಲ್ಲಿ. ಸಿಂಥಿಯಾ ಡ್ವರ್ಕ್, ಫ್ರಾಂಕ್ ಮೆಕ್‌ಶೆರಿ, ಕೋಬಿ ನಿಸಿಮ್, ಆಡಂ ಸ್ಮಿತ್ ಈ ನಾಲ್ವರು ‘ಡಿಫರೆನ್ಶಿಯಲ್ ಪ್ರೈವಸಿ’ಯನ್ನು ಮುಂದಿಟ್ಟರು. ಅವರು ಕೇಳಿದ ಪ್ರಶ್ನೆ ಒಂದೇ: ನಿಮ್ಮ ದಾಖಲೆ ರಾಶಿಯಲ್ಲಿ ಇದ್ದರೂ ಇಲ್ಲದಿದ್ದರೂ ಹೊರಬರುವ ಉತ್ತರ ಹೆಚ್ಚುಕಡಿಮೆ ಅದೇ ಆಗಿರುತ್ತದೆಯೇ? ಆಗಿದ್ದರೆ ಆ ಉತ್ತರದಿಂದ ನಿಮ್ಮ ಗುಟ್ಟು ಕದಿಯಲಾಗದು. ಕದಿಯುವವನ ಬಳಿ ಮತದಾರರ ಪಟ್ಟಿ ಇರಲಿ, ಸಿನಿಮಾ ಪಟ್ಟಿ ಇರಲಿ, ನಾಳೆ ಇನ್ಯಾವುದೋ ಪಟ್ಟಿ ಬರಲಿ, ಈ ಖಾತರಿ ಕೆಡುವುದಿಲ್ಲ. ನಾಲ್ವರಿಗೂ 2017ರಲ್ಲಿ ಗೊಡೆಲ್ ಪ್ರಶಸ್ತಿ ಬಂತು.

● ‘ಹೆಚ್ಚುಕಡಿಮೆ ಅದೇ’ ಎಂದರೆ ಎಷ್ಟು? ಅದನ್ನು ಅಳೆಯುವ ಅಂಕಿಗೆ ಎಪ್ಸಿಲಾನ್ ಎಂದು ಹೆಸರು. ಅದು 0.1 ಇದ್ದರೆ, ನೀವು ರಾಶಿಯಲ್ಲಿ ಇರುವುದರಿಂದ ಯಾವುದೇ ಉತ್ತರ ಬರುವ ಸಂಭವ ಹೆಚ್ಚೆಂದರೆ 1.1 ಪಟ್ಟು ಬದಲಾಗುತ್ತದೆ. 1 ಇದ್ದರೆ 2.7 ಪಟ್ಟು. ಮೇಲಿನ ನಾಣ್ಯದಾಟದ ಎಪ್ಸಿಲಾನ್ ಸುಮಾರು 1.1. ಎಪ್ಸಿಲಾನ್ 8 ಆದರೆ ಸುಮಾರು ಮೂರು ಸಾವಿರ ಪಟ್ಟು! ಆದ್ದರಿಂದ ‘ನಾವು ಡಿಫರೆನ್ಶಿಯಲ್ ಪ್ರೈವಸಿ ಬಳಸುತ್ತೇವೆ’ ಎಂದಷ್ಟೇ ಹೇಳಿ ಎಪ್ಸಿಲಾನ್ ಹೇಳದ ಜಾಹೀರಾತಿಗೆ ಅರ್ಥವಿಲ್ಲ. ಇನ್ನೊಂದು ಮಾತು: ಒಂದೇ ದಾಖಲೆಯನ್ನು ಎರಡು ಕೆಲಸಕ್ಕೆ ಬಳಸಿದರೆ ಎರಡರ ಎಪ್ಸಿಲಾನುಗಳೂ ಕೂಡುತ್ತಾ ಹೋಗುತ್ತವೆ. ಗುಟ್ಟಿಗೂ ಒಂದು ಬಜೆಟ್ ಇದೆ, ಖರ್ಚಾದದ್ದು ಹಿಂದೆ ಬರುವುದಿಲ್ಲ.

● ಈ ಕಾವಲಿಗೆ ಒಂದು ಎಲ್ಲೆ ಇದೆ, ಅದನ್ನು ಡ್ವರ್ಕ್ ಅವರೇ ವಿವರಿಸಿದ್ದಾರೆ. ಸಿಗರೇಟು ಸೇದಿದರೆ ಕ್ಯಾನ್ಸರ್ ಬರುತ್ತದೆ ಎಂದು ಒಂದು ಅಧ್ಯಯನದಿಂದ ತಿಳಿದುಬಂದರೆ, ಸೇದುವವರೆಲ್ಲರ ವಿಮೆ ಕಂತು ಏರಬಹುದು. ನೀವು ಆ ಅಧ್ಯಯನದಲ್ಲಿ ಇಲ್ಲದಿದ್ದರೂ ಏರುತ್ತದೆ. ಸಮೂಹದ ಬಗ್ಗೆ ತಿಳಿದ ಸತ್ಯ ನಿಮಗೆ ತಟ್ಟುವುದನ್ನು ಯಾವ ಗಣಿತವೂ ತಡೆಯದು. ಅದನ್ನು ತಡೆಯಬೇಕಾದದ್ದು ಕಾನೂನು.

● ಡಿಫರೆನ್ಶಿಯಲ್ ಪ್ರೈವಸಿ ಎಲ್ಲೆಲ್ಲಿ ಬಳಕೆಗೆ ಬಂದಿದೆ? ಕ್ರೋಮ್ ಬ್ರೌಸರಿಗೆ 2014ರಲ್ಲಿ, ಯಾವ ಎಮೋಜಿ ಜನಪ್ರಿಯ ಎಂದು ತಿಳಿಯಲು ಐಫೋನಿಗೆ 2016ರಲ್ಲಿ ಬಂದಿತು. ಅಮೆರಿಕದ 2020ರ ಜನಗಣತಿಯ ಅಂಕಿಗಳಿಗೂ ಇದನ್ನೇ ಹಾಕಲಾಯಿತು. ಸಣ್ಣ ಊರುಗಳ ಸಂಖ್ಯೆ ತಿರುಚಿಹೋಗುತ್ತದೆ ಎಂದು ಅಲ್ಲಿ ದೊಡ್ಡ ವಾಗ್ವಾದವೇ ನಡೆಯಿತು.

● ಎಐ ತರಬೇತಿಗೆ ಇದನ್ನು ಅಳವಡಿಸುವುದು ಹೇಗೆ ಎಂದು 2016ರಲ್ಲಿ ಗೂಗಲ್‌ನ ಮಾರ್ಟಿನ್ ಅಬಾಡಿ ಮತ್ತು ಸಂಗಡಿಗರು ತೋರಿಸಿದರು. ಮಾಡೆಲು ಕಲಿಯುವುದೆಂದರೆ, ಒಂದೊಂದು ದಾಖಲೆ ನೋಡಿದಾಗಲೂ ತನ್ನೊಳಗಿನ ಅಂಕಿಗಳನ್ನು ಚೂರುಚೂರೇ ತಿದ್ದಿಕೊಳ್ಳುವುದು. ಅಪರೂಪದ ಕಾಯಿಲೆಯ ಒಬ್ಬ ರೋಗಿಯ ದಾಖಲೆ ಬಂದಾಗ ಆ ತಿದ್ದುಪಡಿ ದೊಡ್ಡದಾಗುತ್ತದೆ, ಅಲ್ಲೇ ಗುರುತು ಉಳಿಯುವುದು. ಹೊಸ ಕ್ರಮದಲ್ಲಿ ಒಬ್ಬರ ದಾಖಲೆ ಮಾಡಬಹುದಾದ ತಿದ್ದುಪಡಿಗೆ ಒಂದು ಮಿತಿ ಹಾಕುತ್ತಾರೆ. ಆಮೇಲೆ ಹಲವರ ತಿದ್ದುಪಡಿಗಳನ್ನು ಕೂಡಿಸಿ, ಅದರ ಮೇಲೆ ಒಂದಿಷ್ಟು ಗೊತ್ತುಗುರಿಯಿಲ್ಲದ ಅಂಕಿಗಳನ್ನು ಬೆರೆಸುತ್ತಾರೆ. ಕೈಬರಹದ ಅಂಕಿ ಓದುವ ಅವರ ಮಾಡೆಲು ಎಪ್ಸಿಲಾನ್ 8 ಇದ್ದಾಗ ಶೇ 97ರಷ್ಟು ಸರಿಯಾಗಿ ಓದಿತು. 2ಕ್ಕೆ ಇಳಿಸಿದಾಗ ಶೇ 95, 0.5ಕ್ಕೆ ಇಳಿಸಿದಾಗ ಶೇ 90. ಗುಟ್ಟಿನ ಬೆಲೆ ಇಷ್ಟು ನಿಚ್ಚಳವಾಗಿ ಕಾಣುವುದು ಅಪರೂಪ.

● ಇನ್ನೊಂದು ಉಪಾಯದಲ್ಲಿ ದಾಖಲೆಗಳನ್ನು ಹಲವು ಪಾಲು ಮಾಡಿ, ಪ್ರತಿ ಪಾಲಿನಿಂದ ಒಂದೊಂದು ‘ಗುರು’ ಮಾಡೆಲನ್ನು ತಯಾರಿಸುತ್ತಾರೆ. ಗುರುಗಳೆಲ್ಲ ಮತ ಹಾಕಬೇಕು; ಮತ ಎಣಿಕೆಗೆ ಕೊಂಚ ಗೊಂದಲ ಬೆರೆಸಿ, ಗೆದ್ದ ಉತ್ತರವನ್ನು ಮಾತ್ರ ‘ಶಿಷ್ಯ’ ಮಾಡೆಲಿಗೆ ಕಲಿಸುತ್ತಾರೆ. ಹೊರಗಿನ ಲೋಕಕ್ಕೆ ಹೋಗುವುದು ಶಿಷ್ಯ ಮಾತ್ರ. ಒಬ್ಬ ರೋಗಿಯ ದಾಖಲೆ ಒಬ್ಬ ಗುರುವಿನ ಮತವನ್ನಷ್ಟೇ ಬದಲಿಸಬಲ್ಲದು.

ದಾಖಲೆ ಮನೆ ಬಿಡದೆ

● ಊರಿನ ಮಕ್ಕಳನ್ನೆಲ್ಲ ಶಾಲೆಗೆ ಕರೆಸುವ ಬದಲು ಮೇಷ್ಟ್ರೇ ಮನೆಮನೆಗೆ ಹೋದಂತೆ, ಡೇಟಾ ಇದ್ದಲ್ಲಿಗೆ ಮಾಡೆಲನ್ನೇ ಕಳಿಸುವ ಕ್ರಮಕ್ಕೆ ‘ಫೆಡರೇಟೆಡ್ ಲರ್ನಿಂಗ್’ ಎನ್ನುತ್ತಾರೆ. ಗೂಗಲ್‌ನ ಜಿಬೋರ್ಡ್ ಕೀಬೋರ್ಡಿನಲ್ಲಿ ಇದನ್ನು ಪರೀಕ್ಷಿಸುತ್ತಿರುವುದಾಗಿ ಕಂಪನಿ 2017ರ ಏಪ್ರಿಲಿನಲ್ಲಿ ತಿಳಿಸಿತು. ಫೋನು ಚಾರ್ಜಿಗಿದ್ದು, ಯಾರೂ ಬಳಸದೆ, ವೈಫೈ ಸಿಗುತ್ತಿರುವಾಗ ಮಾಡೆಲು ಅಲ್ಲೇ ಕಲಿಯುತ್ತದೆ. ನೀವು ಟೈಪ್ ಮಾಡಿದ್ದು ಫೋನು ಬಿಟ್ಟು ಹೋಗುವುದಿಲ್ಲ. ಹೋಗುವುದು ಕಲಿತ ತಿದ್ದುಪಡಿ ಮಾತ್ರ.

● ಆದರೆ ಆ ತಿದ್ದುಪಡಿಯಿಂದಲೇ ಮೂಲ ಚಿತ್ರವನ್ನು ಮತ್ತೆ ಕಟ್ಟಬಹುದು ಎಂದು 2019ರಲ್ಲಿ ಎಂಐಟಿಯ ಸಂಶೋಧಕರು ತೋರಿಸಿದರು. ಆದ್ದರಿಂದ ಫೆಡರೇಟೆಡ್ ಎಂಬ ಹಣೆಪಟ್ಟಿ ಒಂದರಿಂದಲೇ ಸಮಾಧಾನಪಡುವಂತಿಲ್ಲ. ತಿದ್ದುಪಡಿಗೂ ಮುಸುಕು ಬೇಕು.

● ಆ ಮುಸುಕು ಹೇಗಿರುತ್ತದೆ ನೋಡಿ. ಮಂಗನ ಕಾಯಿಲೆ ಬಂದವರ ಸಂಖ್ಯೆಯನ್ನು ಸೊರಬ, ಸಾಗರ, ತೀರ್ಥಹಳ್ಳಿಯ ಮೂರು ಆಸ್ಪತ್ರೆಗಳು ಬಿಡಿಯಾಗಿ ಹೇಳಲೊಲ್ಲವು, ಒಟ್ಟು ಎಷ್ಟೆಂದು ಮಾತ್ರ ಜಿಲ್ಲೆಗೆ ಬೇಕು ಎಂದು ಕಲ್ಪಿಸಿಕೊಳ್ಳಿ. ಸೊರಬದಲ್ಲಿ 12, ಸಾಗರದಲ್ಲಿ 7, ತೀರ್ಥಹಳ್ಳಿಯಲ್ಲಿ 20 ಇರಲಿ. ಇಬ್ಬಿಬ್ಬರು ಸೇರಿ ತಮ್ಮೊಳಗೇ ಒಂದು ಸಂಖ್ಯೆ ಗೊತ್ತುಮಾಡಿಕೊಳ್ಳುತ್ತಾರೆ. ಒಬ್ಬರು ಅದನ್ನು ಕೂಡಿಸಬೇಕು, ಇನ್ನೊಬ್ಬರು ಕಳೆಯಬೇಕು. ಸೊರಬ–ಸಾಗರದ ನಡುವೆ 83, ಸಾಗರ–ತೀರ್ಥಹಳ್ಳಿಯ ನಡುವೆ 45, ಸೊರಬ–ತೀರ್ಥಹಳ್ಳಿಯ ನಡುವೆ 31. ಸೊರಬ 12ಕ್ಕೆ 83, 31 ಎರಡನ್ನೂ ಕೂಡಿಸಿ 126 ಎಂದು ಕಳಿಸುತ್ತದೆ. ಸಾಗರ 7ರಲ್ಲಿ 83 ಕಳೆದು 45 ಕೂಡಿಸಿ, ಮೈನಸ್ 31. ತೀರ್ಥಹಳ್ಳಿ 20ರಲ್ಲಿ 45, 31 ಎರಡನ್ನೂ ಕಳೆದು, ಮೈನಸ್ 56. ಜಿಲ್ಲೆಯವರ ಕೈಗೆ ಬಂದ ಒಂದು ಅಂಕಿಯೂ ಬಿಡಿಯಾಗಿ ಏನನ್ನೂ ಹೇಳುವುದಿಲ್ಲ. ಮೂರನ್ನೂ ಕೂಡಿಸಿ: 126ರಲ್ಲಿ 31 ಹೋಗಿ, 56 ಹೋಗಿ, 39. ಅದೇ 12, 7, 20ರ ಮೊತ್ತ! ಸಾವಿರಾರು ಫೋನುಗಳ ನಡುವೆ, ಕೆಲವು ನಡುವೆಯೇ ಸ್ವಿಚ್ ಆಫ್ ಆದರೂ ಲೆಕ್ಕ ಕೆಡದಂತೆ ಇದನ್ನು ಮಾಡುವ ಕ್ರಮವನ್ನು ಗೂಗಲ್ ಸಂಶೋಧಕರು 2017ರಲ್ಲಿ ಪ್ರಕಟಿಸಿದರು.

● ಫೆಡರೇಟೆಡ್ ಲರ್ನಿಂಗಿನಿಂದ ನಿಜವಾಗಿ ಉಪಯೋಗವಾಗಿದೆಯೇ? ಆಗಿದೆ. ಗ್ಲಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆ ಅಪರೂಪದ್ದು. ಒಂದೇ ಆಸ್ಪತ್ರೆಯಲ್ಲಿ ಮಾಡೆಲಿಗೆ ಸಾಕಾಗುವಷ್ಟು ಸ್ಕ್ಯಾನುಗಳು ಸಿಗುವುದಿಲ್ಲ. ಆರು ಖಂಡಗಳ 71 ಕೇಂದ್ರಗಳು ತಮ್ಮ ಸ್ಕ್ಯಾನುಗಳನ್ನು ಹೊರಗೆ ಕೊಡದೆ, ಒಟ್ಟು 6,314 ರೋಗಿಗಳ ದಾಖಲೆಯಿಂದ ಒಂದೇ ಮಾಡೆಲನ್ನು ತರಬೇತುಗೊಳಿಸಿದವು. ಸಾರ್ವಜನಿಕವಾಗಿ ಸಿಗುವ ಸ್ಕ್ಯಾನುಗಳಿಂದ ಕಲಿತ ಮಾಡೆಲಿಗಿಂತ ಇದು ಗಡ್ಡೆಯ ಅಂಚುಗಳನ್ನು ಎಷ್ಟೋ ಚೆನ್ನಾಗಿ ಗುರುತಿಸಿತು. ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಗುಟ್ಟು ಕಾಯುವುದು ಸಂಶೋಧನೆಗೆ ಅಡ್ಡಿ ಎಂದು ವಾದಿಸುವವರಿಗೆ ಈ ಒಂದು ಉದಾಹರಣೆ ಸಾಕು. ಕಾಯುತ್ತೇವೆ ಎಂಬ ಭರವಸೆ ಕೊಟ್ಟದ್ದರಿಂದಲೇ ಅಷ್ಟು ಆಸ್ಪತ್ರೆಗಳು ಒಂದುಗೂಡಿದವು.

● ಡೆನ್ಮಾರ್ಕಿನ ಸಕ್ಕರೆ ಬೀಟ್ ರೈತರಿಗೂ ಇದಕ್ಕೂ ಏನು ಸಂಬಂಧ? ಸಕ್ಕರೆ ಬೀಟ್ ಕೊಳ್ಳುವ ಕಾರ್ಖಾನೆ ಅಲ್ಲಿ ಇದ್ದದ್ದು ಒಂದೇ ಕಂಪನಿಯದು. ಬೆಳೆಯುವ ಹಕ್ಕಿನ ಹರಾಜಿನಲ್ಲಿ ತಾವು ಕೂಗುವ ಬೆಲೆ ಕಂಪನಿಗೆ ಗೊತ್ತಾದರೆ ತಮ್ಮ ಕಷ್ಟನಷ್ಟವೂ ಗೊತ್ತಾಗುತ್ತದೆ ಎಂದು ರೈತರು ಹಿಂಜರಿದರು. 2008ರ ಜನವರಿಯಲ್ಲಿ ಸುಮಾರು 1200 ರೈತರ ಬೆಲೆಗಳನ್ನು ಗೂಢವಾಗಿಯೇ ಇಟ್ಟು, ಮೂರು ಕಂಪ್ಯೂಟರುಗಳು ಸೇರಿ ಲೆಕ್ಕ ಮಾಡಿ, ಮಾರುಕಟ್ಟೆಯ ದರವನ್ನು ಮಾತ್ರ ಹೊರಹಾಕಿದವು. ಒಂದು ಕಂಪನಿಯದು, ಒಂದು ರೈತರ ಸಂಘದ್ದು, ಒಂದು ಸಂಶೋಧಕರದು. ಆಂಡ್ರ್ಯೂ ಯಾವೊ 1982ರಲ್ಲಿ ಕಾಗದದ ಮೇಲೆ ಕಟ್ಟಿದ ವಿದ್ಯೆ ಹೊಲಕ್ಕೆ ಇಳಿದದ್ದು ಹೀಗೆ. ಈ ಬಗೆಯ ಕೂಡುಲೆಕ್ಕದಲ್ಲಿ ಎಐ ಓಡಿಸುವ ಕೆಲಸಕ್ಕೆ ಬೆಂಗಳೂರು ಒಂದು ಮುಖ್ಯ ನೆಲೆ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರ್ಪಿತಾ ಪಾತ್ರ ಅವರ ತಂಡವಿದೆ, ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ‘ಈಜಿಪಿಸಿ’ ಯೋಜನೆ ಬೆಳೆದಿದೆ.

● ಎನ್‌ಕ್ರಿಪ್ಟ್ ಮಾಡಿದ ಡೇಟಾವನ್ನು ಬಿಡಿಸದೆಯೇ ಅದರ ಮೇಲೆ ಯಾವ ಲೆಕ್ಕ ಬೇಕಾದರೂ ಮಾಡಬಹುದೇ ಎಂಬ ಪ್ರಶ್ನೆ ಎದ್ದದ್ದು 1978ರಲ್ಲಿ. ಹೌದು ಎಂದು ಕ್ರೇಗ್ ಜೆಂಟ್ರಿ ತೋರಿಸಿದ್ದು 2009ರಲ್ಲಿ. ಉತ್ತರ ಸಿಗಲು 31 ವರ್ಷ ಹಿಡಿಯಿತು. ಈಗಲೂ ಮಾಮೂಲಿ ಲೆಕ್ಕಕ್ಕಿಂತ ಅದು ಬಹಳ ನಿಧಾನ.

ಕೋರ್ಟು, ಕಾನೂನು ಮತ್ತು ಬೆಲೆ

● ಗೂಗಲ್‌ಗೆ ಸೇರಿದ ಡೀಪ್‌ಮೈಂಡ್ ಕಂಪನಿಗೆ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ 16 ಲಕ್ಷ ರೋಗಿಗಳ ದಾಖಲೆ ಕೊಟ್ಟದ್ದು ಕಾನೂನಿಗೆ ಒಪ್ಪುವಂತಿರಲಿಲ್ಲ ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರು 2017ರಲ್ಲಿ ತೀರ್ಮಾನಿಸಿದರು. ಉದ್ದೇಶ ಕಿಡ್ನಿ ತೊಂದರೆಯನ್ನು ಬೇಗ ಪತ್ತೆಹಚ್ಚುವುದಾಗಿತ್ತು. ಒಳ್ಳೆಯ ಉದ್ದೇಶ ರೋಗಿಗೆ ವಿಷಯ ತಿಳಿಸದೆ ಇರಲು ಪರವಾನಗಿಯಲ್ಲ.

● ತಪ್ಪಾಗಿ ಪಡೆದ ಡೇಟಾ ಅಳಿಸಿದರೆ ಸಾಲದು, ಅದರಿಂದ ಕಲಿತ ಮಾಡೆಲನ್ನೂ ಅಳಿಸಬೇಕು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಎವರ್‌ಆಲ್ಬಮ್ ಎಂಬ ಫೋಟೊ ಆ್ಯಪ್ ಕಂಪನಿಗೆ ತಾಕೀತು ಮಾಡಿತು.

● ಭಾರತದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿದ ತೀರ್ಪಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ನೀವಾಗಿಯೇ ಸಾರ್ವಜನಿಕವಾಗಿ ಹಾಕಿಕೊಂಡ ವಿವರಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಮಗುವಿನ ಡಿಸ್ಚಾರ್ಜ್ ಸಮ್ಮರಿ ಹಾಕುವ ಮುಂಚೆ ಇದು ನೆನಪಿರಲಿ.

● ಗಣಿತದ ಕಾವಲಿಗೆ ಬೆಲೆ ತೆರುವವರು ಯಾರು? ಎಲ್ಲರೂ ಸಮವಾಗಿ ತೆರುವುದಿಲ್ಲ. ಮಾಡೆಲಿಗೆ ಡಿಫರೆನ್ಶಿಯಲ್ ಪ್ರೈವಸಿ ಹಾಕಿದಾಗ ತಪ್ಪು ಹೆಚ್ಚಾಗುವುದು, ತರಬೇತಿಯ ರಾಶಿಯಲ್ಲಿ ಕಡಿಮೆ ಸಂಖ್ಯೆಯಲ್ಲಿರುವವರ ವಿಷಯದಲ್ಲಿ ಎಂದು 2019ರಲ್ಲಿ ಯೂಜೀನ್ ಬಗ್ದಸರ್ಯನ್ ಮತ್ತು ಜೊತೆಗಾರರು ತೋರಿಸಿದರು. ಕಾರಣ ಸ್ಪಷ್ಟ: ಒಬ್ಬರ ಪ್ರಭಾವಕ್ಕೆ ಮಿತಿ ಹಾಕಿದಾಗ, ನೂರರಲ್ಲಿ ಒಬ್ಬರಾಗಿರುವವರ ದನಿ ಆ ಬೆರೆಸಿದ ಅಂಕಿಗಳಲ್ಲಿ ಮುಳುಗುತ್ತದೆ. ಅಪರೂಪದ್ದನ್ನು ಕಲಿಯಬೇಕಾದರೆ ಒಂದಷ್ಟು ಬಾಯಿಪಾಠ ಅನಿವಾರ್ಯ ಎಂಬ ವಿಟಾಲಿ ಫೆಲ್ಡ್‌ಮನ್ ಅವರ ಸಿದ್ಧಾಂತವೂ ಇದನ್ನೇ ಹೇಳುತ್ತದೆ. ಅಪರೂಪದ ಕಾಯಿಲೆಯವರು, ಕೆಲವೇ ಜನ ಆಡುವ ಭಾಷೆಯವರು ಇಲ್ಲಿ ಕಳೆದುಕೊಳ್ಳುವವರು. ನಾಡಿನ ಮಾತುಗಳನ್ನು ಗುರುತಿಸುವ ಮಾಡೆಲಿಗೆ ಹೀಗೆ ಮುಸುಕು ಹಾಕಿದರೆ ಬೆಂಗಳೂರಿನ ಕನ್ನಡಕ್ಕೆ ಆಗುವ ನಷ್ಟಕ್ಕಿಂತ, ಕೊರಗರ ಮಾತಿಗೋ ಸೋಲಿಗರ ಮಾತಿಗೋ ಆಗುವ ನಷ್ಟ ಹೆಚ್ಚಿರುತ್ತದೆ. ಹಾಗೆಂದು ಮುಸುಕನ್ನೇ ತೆಗೆದರೆ, ಸಣ್ಣ ಗುಂಪಿನಲ್ಲಿ ಸುಲಭವಾಗಿ ಗುರುತು ಸಿಗುವವರೂ ಅವರೇ. ಇದಕ್ಕೆ ಗಣಿತದಿಂದ ಉತ್ತರ ಇನ್ನೂ ಬಂದಿಲ್ಲ. ಅಂಥವರಿಂದ, ಅವರ ಒಪ್ಪಿಗೆ ಪಡೆದು, ಹೆಚ್ಚು ಡೇಟಾ ಕೂಡಿಸುವುದೊಂದೇ ಸದ್ಯಕ್ಕೆ ತೋರುವ ದಾರಿ.

● ವಾರ್ಫಾರಿನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಪ್ರಮಾಣ ಹೇಳುವ ಮಾಡೆಲಿಗೆ 2014ರ ಅಧ್ಯಯನವೊಂದರಲ್ಲಿ ಬಿಗಿ ಕಾವಲು ಹಾಕಿ ನೋಡಿದರು. ಕಂಪ್ಯೂಟರಿನಲ್ಲಿ ಕಲ್ಪಿಸಿದ ರೋಗಿಗಳಲ್ಲಿ ಪಾರ್ಶ್ವವಾಯು, ರಕ್ತಸ್ರಾವದ ಅಪಾಯ ಏರಿತು. ಎಪ್ಸಿಲಾನ್ ಎಷ್ಟಿರಬೇಕು ಎಂಬುದನ್ನು ಎಂಜಿನಿಯರ್ ಒಬ್ಬರೇ ಕೂತು ತೀರ್ಮಾನಿಸಬಾರದು, ವೈದ್ಯರೂ ರೋಗಿಗಳೂ ಇರಬೇಕು ಎಂದು ನಾನು ಹೇಳುವುದು ಇದಕ್ಕೇ.

● ಪೂರ್ತಿ ಡಿಫರೆನ್ಶಿಯಲ್ ಪ್ರೈವಸಿಯಲ್ಲೇ, ಮೊದಲಿನಿಂದ ಕಡೆಯತನಕ ತರಬೇತಿ ಪಡೆದ ‘ವಾಲ್ಟ್‌ಜೆಮ್ಮಾ’ ಎಂಬ ಭಾಷಾ ಮಾಡೆಲನ್ನು ಗೂಗಲ್ 2025ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರ ಎಪ್ಸಿಲಾನ್ 2, ಅದನ್ನು ಬಹಿರಂಗವಾಗಿ ಹೇಳಿದ್ದಾರೆ. ತರಬೇತಿಯ ಪಠ್ಯದ ಬಾಯಿಪಾಠ ಪರೀಕ್ಷೆಗಳಲ್ಲಿ ಕಾಣಲಿಲ್ಲ. ಜಾಣತನದಲ್ಲಿ ಅದು ಕಾವಲಿಲ್ಲದ ಮಾಡೆಲುಗಳು ಅದಕ್ಕಿಂತ ಸುಮಾರು ಐದು ವರ್ಷ ಮುಂಚೆ ಇದ್ದ ಮಟ್ಟದಲ್ಲಿದೆ.